ಎಂಬಿಎ ತರಗತಿಯಿಂದ ರೈತ ಹೊರಬಿದ್ದದ್ದು ಹೇಗೆ

ಮೈಸೂರಿನ ಯಾವ ಕಾಲೇಜಿನಲ್ಲಿ ಎಂಬಿಎಗೆ ಸೇರಿದರೂ ಮೊದಲ ವರ್ಷದ ಪಠ್ಯದಲ್ಲಿ ಸಿಗುವ ಹೆಸರುಗಳು ಹೆಚ್ಚುಕಡಿಮೆ ಒಂದೇ. ಅಕೌಂಟಿಂಗ್, ವ್ಯವಹಾರ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಮಾರ್ಕೆಟಿಂಗ್, ಹಣಕಾಸು, ಮಾನವ ಸಂಪನ್ಮೂಲ, ಸಾಂಸ್ಥಿಕ ವರ್ತನೆ, ಉತ್ಪಾದನಾ ನಿರ್ವಹಣೆ. ಇವೆಲ್ಲ ಮುಗಿಯುವ ಹೊತ್ತಿಗೆ ಸ್ಟ್ರಾಟಜಿ. ಬೆಂಗಳೂರಿಗೆ ಹೋದರೂ ಇದೇ, ಬಾಸ್ಟನ್ನಿಗೆ ಹೋದರೂ ಇದೇ. ಇಷ್ಟು ಕಡೆ ಒಂದೇ ಪಟ್ಟಿ ಇರುವುದರಿಂದ ವ್ಯಾಪಾರ ಎಂಬುದರ ಸ್ವಭಾವವೇ ಹೀಗೆ ಎಂಟೊಂಬತ್ತು ಭಾಗವಾಗಿದೆ ಎಂದು ವಿದ್ಯಾರ್ಥಿ ನಂಬಿಬಿಡುತ್ತಾನೆ. ಆದರೆ ಈ ಪಟ್ಟಿಯನ್ನು ಯಾರೂ ಒಂದೇ ಸಲ ಕುಳಿತು ಬರೆದದ್ದಲ್ಲ. ಬೇರೆಬೇರೆ ಕಾಲದಲ್ಲಿ ಅಮೆರಿಕದ ದೊಡ್ಡ ಕಂಪನಿಗಳಿಗೆ ಎದುರಾದ ಬೇರೆಬೇರೆ ಪೇಚುಗಳು ಒಂದೊಂದು ವಿಷಯವಾಗಿ ಬಂದು ಸೇರಿಕೊಂಡವು. ಹೀಗೆ ಸೇರಿಕೊಳ್ಳುವ ಭರದಲ್ಲಿ ಮೊದಲೇ ಅಲ್ಲಿದ್ದವನೊಬ್ಬ ಹೊರಬಿದ್ದ. ಅವನು ಬೆಳೆದು ಮಾರುವ ರೈತ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಡೆಯಿಂದ ನೋಡಿದರೆ ಈ ಕೊರತೆ ಎದ್ದು ಕಾಣುತ್ತದೆ. ಬೆಂಗಳೂರಿನ ಗಾಜಿನ ಕಟ್ಟಡಗಳಿಂದ ನೋಡಿದರೆ ಕಾಣುವುದೇ ಇಲ್ಲ.

ಮೊದಲಿನಿಂದ ನೋಡೋಣ. ವ್ಯಾಪಾರವನ್ನು ವಿಶ್ವವಿದ್ಯಾಲಯದಲ್ಲಿ ಕಲಿಸುವ ಪ್ರಯತ್ನ ಅಮೆರಿಕದಲ್ಲಿ ನೆಲೆಯೂರಿದ್ದು 1881ರಲ್ಲಿ, ಫಿಲಡೆಲ್ಫಿಯಾದ ವಾರ್ಟನ್ ಶಾಲೆಯಿಂದ. ಪದವಿ ಮುಗಿಸಿದವರಿಗೆಂದೇ 1900ರಲ್ಲಿ ಡಾರ್ಟ್‌ಮತ್‌ನ ಟಕ್ ಶಾಲೆ ಬಂತು. ಎಂಬಿಎ ಎಂಬ ಹೆಸರಿನ ಪದವಿ ಹುಟ್ಟಿದ್ದು 1908ರಲ್ಲಿ, ಹಾರ್ವರ್ಡ್‌ನಲ್ಲಿ. ಅಲ್ಲಿನ ಮೊದಲ ವರ್ಷಕ್ಕೆ ಕಡ್ಡಾಯವಾಗಿದ್ದದ್ದು ಮೂರೇ ವಿಷಯ: ಲೆಕ್ಕಪತ್ರದ ತತ್ವಗಳು, ವಾಣಿಜ್ಯ ಕರಾರುಗಳು, ಅಮೆರಿಕದ ಆರ್ಥಿಕ ಸಂಪನ್ಮೂಲಗಳು. ಈ ಮೂರನೆಯದನ್ನು ಗಮನಿಸಬೇಕು. ದೇಶದಲ್ಲಿ ಏನು ಬೆಳೆಯುತ್ತದೆ, ಎಲ್ಲಿ ಸಿಗುತ್ತದೆ, ಹೇಗೆ ಸಾಗುತ್ತದೆ ಎಂಬುದು ವ್ಯಾಪಾರ ಕಲಿಯುವವನಿಗೆ ಲೆಕ್ಕದಷ್ಟೇ ಅಗತ್ಯ ಎಂದು ಅಂದಿನವರು ಭಾವಿಸಿದ್ದರು. ಇಂದಿನ ಪಠ್ಯದಲ್ಲಿ ಅಕೌಂಟಿಂಗ್ ಉಳಿದಿದೆ, ಕರಾರುಗಳು ವ್ಯವಹಾರ ಕಾನೂನಿನ ರೂಪದಲ್ಲಿ ಉಳಿದಿವೆ, ಆ ಮೂರನೆಯದು ಮಾತ್ರ ಕರಗಿಹೋಗಿದೆ.

ಉಳಿದವು ಒಂದರ ಹಿಂದೆ ಒಂದು ಬಂದವು. ಫ್ರೆಡರಿಕ್ ಟೇಲರ್ ಕಾರ್ಖಾನೆಯ ಕೆಲಸವನ್ನು ಗಡಿಯಾರ ಹಿಡಿದು ಅಳೆದು 1911ರಲ್ಲಿ ತನ್ನ ಪುಸ್ತಕ ಪ್ರಕಟಿಸಿದ. ಉತ್ಪಾದನಾ ನಿರ್ವಹಣೆಯ ಬೇರು ಅಲ್ಲಿದೆ. 1924ರಿಂದ 1932ರವರೆಗೆ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ ನಡೆದ ಪ್ರಯೋಗಗಳಿಂದ ಸಾಂಸ್ಥಿಕ ವರ್ತನೆಗೆ ಬೀಜ ಬಿತ್ತು. ಗಣಿತ ಬಂದದ್ದು ಎರಡನೆಯ ಮಹಾಯುದ್ಧದ ಸರಬರಾಜಿನ ಲೆಕ್ಕಾಚಾರಗಳಿಂದ. 1959ರಲ್ಲಿ ಫೋರ್ಡ್ ಮತ್ತು ಕಾರ್ನೆಗಿ ಪ್ರತಿಷ್ಠಾನಗಳು ಒಂದೊಂದು ವರದಿ ತಂದು, ವ್ಯಾಪಾರ ಶಾಲೆಗಳ ಪಾಠ ಬರೀ ಅನುಭವದ ಮಾತಾಗಿದೆ, ಅದಕ್ಕೆ ಗಣಿತ, ಅರ್ಥಶಾಸ್ತ್ರ, ಮನಶ್ಶಾಸ್ತ್ರಗಳ ತಳಪಾಯ ಬೇಕು ಎಂದು ಝಾಡಿಸಿದವು. ಇಂದು ನಾವು ಕೋರ್ ಎನ್ನುವ ಕಡ್ಡಾಯ ವಿಷಯಗಳ ಪಟ್ಟಿ ಗಟ್ಟಿಯಾದದ್ದು ಆ ಏಟಿನ ನಂತರ. ಕಾಕತಾಳೀಯವೋ ಏನೋ, ಭಾರತ ತನ್ನ ಸಂಸ್ಥೆಗಳನ್ನು ಕಟ್ಟಲು ಹೊರಟದ್ದೂ ಅದೇ ಹೊತ್ತಿಗೆ. 1961ರಲ್ಲಿ ಎಂಐಟಿಯ ಒತ್ತಾಸೆಯಿಂದ ಕಲ್ಕತ್ತೆಯ ಐಐಎಂ, ಹಾರ್ವರ್ಡ್‌ನ ನೆರವಿನಿಂದ ಅಹಮದಾಬಾದಿನ ಐಐಎಂ ಬಂದವು. ಎರಡರ ಹಿಂದೆಯೂ ಫೋರ್ಡ್ ಪ್ರತಿಷ್ಠಾನದ ಹಣವಿತ್ತು. ಅಮೆರಿಕದಲ್ಲಿ ಆಗಷ್ಟೇ ತಿದ್ದಿದ ಪಠ್ಯ ಶಾಯಿ ಆರುವ ಮೊದಲೇ ನಮ್ಮ ಕೈಗೆ ಬಂತು.

ಇಷ್ಟು ಹೊತ್ತು ಮಾರ್ಕೆಟಿಂಗ್ ಬಿಟ್ಟದ್ದು ಬೇಕೆಂದೇ. ರೈತನ ಕಥೆ ಇರುವುದು ಅಲ್ಲಿ. ಈ ವಿಷಯ ಸೋಪು, ಟೂತ್‌ಪೇಸ್ಟುಗಳ ಜಾಹೀರಾತಿನಿಂದ ಹುಟ್ಟಿತು ಎಂದು ಅನೇಕರು ತಿಳಿದಿದ್ದಾರೆ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳ ವಿಶ್ವವಿದ್ಯಾಲಯಗಳಲ್ಲಿ ಅದಕ್ಕೆ ರೂಪ ಕೊಟ್ಟದ್ದು ಗೋಧಿ ಮತ್ತು ಬೆಣ್ಣೆ. ಹೊಲದಲ್ಲಿ ಇಷ್ಟು ಬೆಲೆ, ಊಟದ ಮೇಜಿನಲ್ಲಿ ಅಷ್ಟು ಬೆಲೆ, ನಡುವಿನ ಹಣ ಯಾರ ಜೇಬಿಗೆ ಹೋಯಿತು ಎಂದು ಅಲ್ಲಿನ ರೈತರು ಕೇಳುತ್ತಿದ್ದರು. ಮಿನೆಸೊಟಾ ವಿಶ್ವವಿದ್ಯಾಲಯದ ಎಲ್.ಡಿ.ಎಚ್. ವೆಲ್ಡ್ ಆ ರಾಜ್ಯದ ಧಾನ್ಯ, ಬೆಣ್ಣೆಯ ಜಾಡು ಹಿಡಿದು ಹೋಗಿ 1916ರಲ್ಲಿ ಕೃಷಿ ಉತ್ಪನ್ನಗಳ ಮಾರಾಟದ ಬಗ್ಗೆ ಪುಸ್ತಕ ಬರೆದ. ಮಧ್ಯವರ್ತಿಗಳೆಲ್ಲ ಕಳ್ಳರಲ್ಲ, ಅವರು ಮಾಡುವ ಸಾಗಣೆ, ಶೇಖರಣೆ, ದರ್ಜೆ ವಿಂಗಡಣೆಗೆ ಬೆಲೆಯಿದೆ ಎಂಬುದು ಅವನ ವಾದ. ಒಪ್ಪಬಹುದು, ಬಿಡಬಹುದು; ಪ್ರಶ್ನೆಯಂತೂ ರೈತನದೇ ಆಗಿತ್ತು. ಮುಂದಿನ ವರ್ಷವೇ ವೆಲ್ಡ್ ಪಾಠ ಬಿಟ್ಟು ಸ್ವಿಫ್ಟ್ ಎಂಬ ದೊಡ್ಡ ಮಾಂಸದ ಕಂಪನಿಯ ಸಂಶೋಧನಾ ವಿಭಾಗಕ್ಕೆ ಸೇರಿದ. ವಿಷಯವೂ ಅವನ ಹಿಂದೆಯೇ ಹೋಯಿತೆನ್ನಬೇಕು. 1960ರಲ್ಲಿ ಜೆರೋಮ್ ಮೆಕಾರ್ಥಿಯ ಪ್ರಸಿದ್ಧ ನಾಲ್ಕು 'ಪಿ'ಗಳು ಬಂದವು: ಉತ್ಪನ್ನ, ಬೆಲೆ, ಸ್ಥಳ, ಪ್ರಚಾರ. 1967ರಲ್ಲಿ ಫಿಲಿಪ್ ಕಾಟ್ಲರ್‌ನ ಪಠ್ಯ ಬಂತು. ಅಷ್ಟರಲ್ಲಿ ಮಾರ್ಕೆಟಿಂಗ್ ಎಂದರೆ ಬೆಲೆಯನ್ನು ತಾನೇ ಗೊತ್ತುಮಾಡಬಲ್ಲ ಮಾರಾಟಗಾರನ ವಿದ್ಯೆ ಎಂದಾಗಿತ್ತು. ಬೆಲೆಯನ್ನು ಬೇರೆಯವರು ಕೂಗುವಾಗ ಸುಮ್ಮನೆ ನಿಲ್ಲಬೇಕಾದವನಿಗೆ ಆ ನಾಲ್ಕರಲ್ಲಿ ಎಷ್ಟು ಅವನ ಕೈಯಲ್ಲಿವೆ?

ಹುಣಸೂರಿನ ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣದ ಕಂಪಲಾಪುರ, ಎಚ್.ಡಿ. ಕೋಟೆ, ಇಲ್ಲೆಲ್ಲ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಿವೆ. 1975ರ ಕಾಯ್ದೆಯಂತೆ ಮಂಡಳಿ 1976ರಲ್ಲಿ ಗುಂಟೂರನ್ನು ಕೇಂದ್ರವಾಗಿಸಿಕೊಂಡು ಆರಂಭವಾಯಿತು. ಕರ್ನಾಟಕದಲ್ಲಿ ಹರಾಜು ಶುರುವಾದದ್ದು 1984ರಲ್ಲಿ, ಆಂಧ್ರಕ್ಕಿಂತ ಒಂದು ವರ್ಷ ಮೊದಲು. ತಂಬಾಕಿನ ಕೆಲಸ ನಡೆಯುವುದು ಹೀಗೆ: ಬೇಸಿಗೆಯಲ್ಲಿ ಸಸಿಮಡಿ, ಮುಂಗಾರು ಮಳೆಗೆ ನಾಟಿ, ಕೆಳಗಿನ ಎಲೆಯಿಂದ ಮೇಲಿನ ಎಲೆಗೆ ಹಂತಹಂತವಾಗಿ ಸೊಪ್ಪು ಮುರಿಯುವುದು, ಬ್ಯಾರನ್ ಎನ್ನುವ ಒಣಗಿಸುವ ಮನೆಯಲ್ಲಿ ಕಟ್ಟಿ ಸೌದೆಯ ಬಿಸಿಯಲ್ಲಿ ಐದಾರು ದಿನ ಹದಗೊಳಿಸುವುದು. ಮೊದಲು ಹದವಾದ ಶಾಖದಲ್ಲಿ ಎಲೆ ಹಳದಿಯಾಗಬೇಕು, ಕೊನೆಗೆ 70 ಡಿಗ್ರಿಯ ಆಸುಪಾಸಿನಲ್ಲಿ ಕಡ್ಡಿ ಒಣಗಬೇಕು. ರಾತ್ರಿ ಒಲೆ ಕಾಯುವವನು ಒಂದು ಗಳಿಗೆ ಮೈಮರೆತರೆ ಆ ಬ್ಯಾರನ್ನಿನ ಬಣ್ಣವೇ ಕೆಡುತ್ತದೆ, ಬಣ್ಣ ಕೆಟ್ಟರೆ ದರ್ಜೆ ಇಳಿಯುತ್ತದೆ. ಸೆಪ್ಟೆಂಬರ್ ಸುಮಾರಿಗೆ ಹರಾಜು ತೆರೆದಾಗ ಸೊಪ್ಪು ಕಟ್ಟಿದ ಬೇಲುಗಳು ಸಾಲಾಗಿ ಬೀಳುತ್ತವೆ. ಕಂಪನಿಗಳ ಖರೀದಿದಾರರು ಸಾಲಿನುದ್ದಕ್ಕೂ ನಡೆದು ಬರುತ್ತಾರೆ, ಈಗ ಕೈಯಲ್ಲಿರುವ ಯಂತ್ರದಲ್ಲಿ ಬೆಲೆ ಒತ್ತುತ್ತಾರೆ. ಎಂಟು ತಿಂಗಳ ದುಡಿಮೆಯ ಬೆಲೆ ಕೆಲವೇ ಸೆಕೆಂಡಿನಲ್ಲಿ ತೀರ್ಮಾನವಾಗುತ್ತದೆ. ಯಾರೂ ಒತ್ತದಿದ್ದರೆ ಅದು 'ನೋ ಬಿಡ್'. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಬೇಲು ವಾಪಸು ಒಯ್ಯಬಹುದು. ಒಯ್ದು ಇಡುವುದೆಲ್ಲಿ, ಬ್ಯಾಂಕಿನ ಸಾಲಕ್ಕೆ ಹೇಳುವುದೇನು ಎಂಬುದು ಬೇರೆ ಮಾತು. ಸಾಲದ ಕಂತು ಹರಾಜಿನ ಹಣದಲ್ಲೇ ಕಡಿತವಾಗುತ್ತದಲ್ಲ.

ಎಂಬಿಎಯ ಮೊದಲ ವರ್ಷ ಪೂರ್ತಿ ಇಲ್ಲಿದೆ. ಬ್ಯಾರನ್ ತುಂಬುವ ಸರದಿ ಉತ್ಪಾದನಾ ನಿರ್ವಹಣೆ, ಗೊಬ್ಬರದ ಸಾಲದಿಂದ ಹರಾಜಿನ ತನಕದ ಅಂತರ ದುಡಿಯುವ ಬಂಡವಾಳ, ಮಂಡಳಿ ವರ್ಷವೂ ಗೊತ್ತುಮಾಡುವ ಬೆಳೆಯ ಮಿತಿ ಅರ್ಥಶಾಸ್ತ್ರ, ದರ್ಜೆ ವಿಂಗಡಣೆ ಗುಣಮಟ್ಟ ನಿಯಂತ್ರಣ. ಆದರೆ ಈ ವಿದ್ಯೆ ಕಲಿತವರು ಸಾಲಿನ ಒಂದೇ ಬದಿಯಲ್ಲಿ ನಡೆಯುತ್ತಾರೆ. ಖರೀದಿಸುವ ಕಂಪನಿಗೆ ಎಷ್ಟು ಸರಕು ಬೇಕು, ಹೊರದೇಶದಲ್ಲಿ ಬೆಲೆ ಏನು, ಬ್ರೆಜಿಲ್, ಜಿಂಬಾಬ್ವೆಯ ಬೆಳೆ ಹೇಗಿದೆ ಎಂಬುದು ಅವರಿಗೆ ಗೊತ್ತು. ಬೇಲಿನ ಪಕ್ಕ ನಿಂತವನಿಗೆ ಗೊತ್ತಿರುವುದು ನಿನ್ನೆಯ ಸರಾಸರಿ ಬೆಲೆ. ವಿದ್ಯೆ ಪಕ್ಷಪಾತಿ ಎಂದು ನಾನು ದೂರುತ್ತಿಲ್ಲ. ಅದನ್ನು ಕಟ್ಟಿದ್ದೇ ಸಂಬಳಕ್ಕೆ ದುಡಿಯುವ ಕಂಪನಿ ಮ್ಯಾನೇಜರನಿಗಾಗಿ ಎಂದಷ್ಟೇ ಹೇಳುತ್ತಿರುವುದು.

ಇದಕ್ಕೆ ಮೊದಲ ಆಕ್ಷೇಪ ಲೆಕ್ಕದವರದು. ಜಮಾ-ಖರ್ಚಿಗೆ ಊರು, ಜಾತಿ, ಭಾಷೆ ಯಾವುದೂ ಇಲ್ಲ. ಹುಣಸೂರಿನಲ್ಲೂ ಡೆಬಿಟ್ ಡೆಬಿಟ್ಟೇ ಎನ್ನುತ್ತಾರೆ. ನಿಜ. ಆದರೆ ಯಾವುದನ್ನು ಖರ್ಚೆಂದು ಬರೆಯಬೇಕು ಎಂಬಲ್ಲಿ ಊರು ಬಂದೇ ಬರುತ್ತದೆ. ಕಾರ್ಖಾನೆಯಲ್ಲಿ ದುಡಿದವರಿಗೆಲ್ಲ ಕೂಲಿ ಚೀಟಿ ಇರುತ್ತದೆ, ಆದ್ದರಿಂದ ವೆಚ್ಚದ ಲೆಕ್ಕ ಸಲೀಸು. ಇಲ್ಲಿ ಸೊಪ್ಪು ಕಟ್ಟುವ ಅತ್ತೆ-ಸೊಸೆಯರಿಗೆ, ರಾತ್ರಿ ಒಲೆ ಕಾಯುವ ಮಗನಿಗೆ ಚೀಟಿ ಎಲ್ಲಿದೆ? ಕೃಷಿ ಬೆಲೆ ಆಯೋಗ ಈ ತೊಡಕಿಗೆ ಒಂದು ಜಾಣ ದಾರಿ ಹುಡುಕಿದೆ. ಕೈಯಿಂದ ಕೊಟ್ಟ ಖರ್ಚು ಮಾತ್ರ 'ಎ2', ಅದಕ್ಕೆ ಮನೆಮಂದಿಯ ದುಡಿಮೆಯ ಮೌಲ್ಯ ಸೇರಿಸಿದರೆ ಇನ್ನೊಂದು ಮೊತ್ತ, ಸ್ವಂತ ಜಮೀನಿನ ಗುತ್ತಿಗೆ, ಸ್ವಂತ ಬಂಡವಾಳದ ಬಡ್ಡಿಯನ್ನೂ ಹಿಡಿದರೆ 'ಸಿ2'. ಬೆಂಬಲ ಬೆಲೆ ಯಾವುದರ ಒಂದೂವರೆ ಪಟ್ಟಾಗಬೇಕು ಎಂಬ ಜಗಳದಲ್ಲಿ ದೇಶದ ರೈತ ಚಳವಳಿಗಳು ಬೀದಿಗೆ ಬಂದಿವೆ. ಇಷ್ಟು ಬಿಸಿಯಾದ ವೆಚ್ಚದ ಪ್ರಶ್ನೆ ಕೃಷಿ ಅರ್ಥಶಾಸ್ತ್ರದವರ ಪುಸ್ತಕದಲ್ಲಿ ಉಳಿಯಿತು. ವೆಚ್ಚದ ಲೆಕ್ಕ ಕಲಿಸುವ ಎಂಬಿಎ ತರಗತಿ ಇನ್ನೂ ಕಾರ್ಖಾನೆಯ ಉದಾಹರಣೆಯಲ್ಲೇ ಸುತ್ತುತ್ತಿದೆ.

ಹುಣಸೂರಿನಿಂದ ಹೆಚ್ಚು ದೂರವಿಲ್ಲದ ಗುರುಪುರದಲ್ಲಿ ಮತ್ತೊಂದು ಬಗೆಯ ವ್ಯಾಪಾರ ಕಾಣುತ್ತದೆ. 1970ರ ದಶಕದ ಮೊದಲಿಗೆ ನೆಲೆಗೊಂಡ ಇಲ್ಲಿನ ಟಿಬೆಟನ್ ಶಿಬಿರಕ್ಕೆ ರಬ್‌ಗ್ಯೇಲಿಂಗ್ ಎಂದು ಹೆಸರು. ಬೇಸಾಯದಲ್ಲಿ ಹೊಟ್ಟೆ ತುಂಬದೆ, ಭಾರತದ ಇತರ ಟಿಬೆಟನ್ ಶಿಬಿರಗಳವರಂತೆ ಇವರೂ ಚಳಿಗಾಲದ ಸ್ವೆಟರ್ ವ್ಯಾಪಾರ ಹಿಡಿದರು. ಲೂಧಿಯಾನದ ಸಗಟು ವ್ಯಾಪಾರಿಗಳಿಂದ ಸ್ವಲ್ಪ ಮುಂಗಡ, ಉಳಿದದ್ದು ಸಾಲ ಎಂದು ಸರಕು ತರುವುದು, ಊರೂರಿನ ಫುಟ್‌ಪಾತಿನಲ್ಲಿ ಮೂರು ತಿಂಗಳು ಮಾರುವುದು, ಸೀಸನ್ ಮುಗಿದ ಮೇಲೆ ಬಾಕಿ ತೀರಿಸುವುದು ಇದರ ಕ್ರಮ. ಅಡಮಾನಕ್ಕೆ ಹೊಲವನ್ನೂ ಇಡಲಾಗದವರಿಗೆ ಸಿಕ್ಕ ಈ ಸಾಲದ ಹಿಂದಿರುವುದು ಸಮುದಾಯದ ಮಾತಿನ ಮೇಲಿನ ನಂಬಿಕೆ; ಒಬ್ಬ ಬಾಕಿ ಉಳಿಸಿದರೆ ಮುಂದಿನ ವರ್ಷ ಹತ್ತು ಜನರಿಗೆ ಸರಕು ಸಿಗದು. ಹಣಕಾಸಿನ ಪಠ್ಯ ಷೇರು, ಸಾಲಪತ್ರ, ಬಡ್ಡಿಯ ದರಗಳನ್ನು ಬಲು ಚೆನ್ನಾಗಿ ವಿವರಿಸುತ್ತದೆ. ನಂಬಿಕೆಯ ಮೇಲೆ ನಡೆಯುವ ಈ ದೊಡ್ಡ ಉದ್ದರಿ ಲೋಕವನ್ನು ಅನೌಪಚಾರಿಕ ಎಂಬ ಒಂದೇ ಪೆಟ್ಟಿಗೆಗೆ ಹಾಕಿ ಮುಚ್ಚಿಬಿಡುತ್ತದೆ. ಮೈಸೂರಿನ ದೇವರಾಜ ಮಾರುಕಟ್ಟೆಯ ಬಹುಪಾಲು ವ್ಯಾಪಾರವೂ ಆ ಪೆಟ್ಟಿಗೆಯಲ್ಲೇ ಇದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಗ್ರಾಮೀಣ ವ್ಯವಹಾರಕ್ಕೆಂದೇ ವರ್ಗೀಸ್ ಕುರಿಯನ್ 1979ರಲ್ಲಿ ಆನಂದ್ ಪಟ್ಟಣದಲ್ಲಿ ಇರ್ಮಾ ಎಂಬ ಸಂಸ್ಥೆ ಕಟ್ಟಿದರು, ಅಹಮದಾಬಾದಿನ ಐಐಎಂನಲ್ಲಿ ಕೃಷಿ ನಿರ್ವಹಣೆಗೆ ಪ್ರತ್ಯೇಕ ಕೇಂದ್ರವಿದೆ, ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅಗ್ರಿಬಿಸಿನೆಸ್ ಕೋರ್ಸುಗಳಿವೆ. ಹಾಗಿದ್ದ ಮೇಲೆ ಕೋರ್ ಯಾಕೆ ಬದಲಾಗಬೇಕು? ಈ ಸಂಸ್ಥೆಗಳು ಮಾಡಿದ ಕೆಲಸ ಸಣ್ಣದಲ್ಲ. ಆದರೆ ರೈತನಿಗೆ ಹಿತ್ತಲಲ್ಲಿ ಬೇರೆ ಮನೆ ಕಟ್ಟಿಕೊಟ್ಟದ್ದರಿಂದ ದೊಡ್ಡಮನೆಯವರು ಅವನ ಮಾತು ಕೇಳಬೇಕಾದ ಪ್ರಮೇಯವೇ ತಪ್ಪಿಹೋಯಿತು. ಕೋರ್ ಎಂದರೆ ಎಲ್ಲರೂ ಓದಲೇಬೇಕಾದದ್ದು. ಐಚ್ಛಿಕವಾದದ್ದನ್ನು ಆಗಲೇ ಆಸಕ್ತಿ ಇರುವವರು ಮಾತ್ರ ಓದುತ್ತಾರೆ. ಹುಣಸೂರಿನ ಬ್ಯಾಂಕಿಗೆ ಸಾಲದ ಅಧಿಕಾರಿಯಾಗಿ ಬರುವವನು, ತಂಬಾಕು ಕೊಳ್ಳುವ ಕಂಪನಿಗೆ ಸೇರುವವನು, ಗೊಬ್ಬರದ ಕಂಪನಿಯ ಏರಿಯಾ ಮ್ಯಾನೇಜರು, ಇವರು ಯಾರೂ ಅಗ್ರಿಬಿಸಿನೆಸ್ ಓದಿ ಬಂದಿರಬೇಕಿಲ್ಲ. ರೈತನೊಂದಿಗೆ ದಿನವೂ ವ್ಯವಹರಿಸುವವರು ಇವರೇ.

ಬೆಂಗಳೂರಿನ ಐಐಎಂ ಬೇರೆಯೇ ದಾರಿ ಹಿಡಿಯಬಹುದಿತ್ತು. ಅಹಮದಾಬಾದನ್ನು ಬೆಳೆಸಿದ ರವಿ ಮತ್ತಾಯ್ ಅವರ ಸಮಿತಿ ಹೊಸ ಸಂಸ್ಥೆಗಳಿಗೆ ಶಿಫಾರಸು ಮಾಡಿತು. 1973ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಸಂಸ್ಥೆ ಉದ್ಘಾಟನೆಯಾದಾಗ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು. ಸಾರ್ವಜನಿಕ ವಲಯಕ್ಕೆ ಮ್ಯಾನೇಜರರನ್ನು ತಯಾರು ಮಾಡುವುದು ಸಂಸ್ಥೆಯ ಮೊದಲ ಆಶಯ. ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಅವರಂತೂ ಎತ್ತಿನ ಗಾಡಿಯನ್ನು ನಿರ್ವಹಣಾ ಶಾಸ್ತ್ರದ ವಿಷಯವಾಗಿ ಎತ್ತಿಕೊಂಡರು. ದೇಶದ ಲಕ್ಷಾಂತರ ಗಾಡಿಗಳ ಚಕ್ರ, ನೊಗ, ಎತ್ತಿನ ಶ್ರಮವನ್ನು ಲೆಕ್ಕ ಹಾಕಿ, ಅವುಗಳ ಸುಧಾರಣೆಗೆ ಬರೆದರು, ಓಡಾಡಿದರು. ನಕ್ಕವರೂ ಇದ್ದಿರಬೇಕು. ಒಂದು ಕಾಲಕ್ಕೆ ಸೇನೆಗೆ ಎತ್ತು ಪೂರೈಸುತ್ತಿದ್ದ ಅಮೃತಮಹಲಿನ ಕೇಂದ್ರವಾಗಿದ್ದ ಹುಣಸೂರಿನವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ. ಆ ಆಸಕ್ತಿ ಸಂಸ್ಥೆಯ ಕೋರ್ ಪಠ್ಯದೊಳಕ್ಕೆ ಇಳಿಯಲಿಲ್ಲ. 1991ರ ಉದಾರೀಕರಣದ ನಂತರ ಸಾಫ್ಟ್‌ವೇರ್, ಬ್ಯಾಂಕು, ಸಲಹಾ ಕಂಪನಿಗಳು ಕೊಟ್ಟ ಸಂಬಳ ಪಠ್ಯದ ದಿಕ್ಕನ್ನು ನಿರ್ಧರಿಸಿತು. ವಿದ್ಯಾರ್ಥಿಗಳನ್ನು ದೂರಲಾಗದು, ಶುಲ್ಕಕ್ಕೆ ಸಾಲ ಮಾಡಿದವರು ಸಂಬಳದತ್ತಲೇ ನೋಡುತ್ತಾರೆ.

ತಂಬಾಕು ಎಷ್ಟು ದಿನ ಉಳಿಯುವ ಬೆಳೆ, ಅದನ್ನೇ ಇಟ್ಟುಕೊಂಡು ಪಠ್ಯ ತಿದ್ದುವುದುಂಟೇ ಎಂಬ ಪ್ರಶ್ನೆಯೂ ಇದೆ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿದೆ. ಆರೋಗ್ಯದ ವಾದಕ್ಕೆ ಎದುರು ಮಾತಿಲ್ಲ, ಸೌದೆಗೆ ಕಡಿದ ಮರಗಳ ಲೆಕ್ಕವೂ ಸುಮ್ಮನಿರಲು ಬಿಡದು. ಆದರೆ ನನ್ನ ವಾದಕ್ಕೆ ಇದೇ ಬಲ. ಲಾಭ ತಗ್ಗುತ್ತಿರುವ ವ್ಯವಹಾರದಿಂದ ಕಂಪನಿ ಹೊರಬರುವುದು ಹೇಗೆ ಎಂದು ಸ್ಟ್ರಾಟಜಿಯ ತರಗತಿ ಉತ್ಸಾಹದಿಂದ ಕಲಿಸುತ್ತದೆ. ಸಿಗರೇಟು ಕಂಪನಿ ಹೋಟೆಲು, ಗೋಧಿಹಿಟ್ಟು, ಬಿಸ್ಕತ್ತಿಗೆ ಕೈಹಾಕಿದ್ದು ಅಲ್ಲಿ ಮೆಚ್ಚಿನ ಉದಾಹರಣೆ. ಅದೇ ಕಂಪನಿಗೆ ಸೊಪ್ಪು ಕೊಟ್ಟವನು, ಬ್ಯಾರನ್ನಿಗೆ ಹಾಕಿದ ಬಂಡವಾಳ, ಲೈಸೆನ್ಸು, ಕೈಪಳಗಿದ ಹದವನ್ನೆಲ್ಲ ಬಿಟ್ಟು ಶುಂಠಿಗೋ ಮುಸುಕಿನ ಜೋಳಕ್ಕೋ ಹೋಗುವುದು ಹೇಗೆ? ಪರ್ಯಾಯ ಬೆಳೆಗೆ ಇಂಥ ಮಂಡಳಿಯ ಹರಾಜು ಕಟ್ಟೆಯಿಲ್ಲ, ಬೇಲನ್ನೇ ನಂಬಿ ಬ್ಯಾಂಕು ಕೊಡುತ್ತಿದ್ದ ಸಾಲವಿಲ್ಲ. ಶುಂಠಿಯ ಬೆಲೆ ಒಂದು ವರ್ಷ ಮೇಲಕ್ಕೇರಿದರೆ ಇನ್ನೊಂದು ವರ್ಷ ಕಿತ್ತ ಕೂಲಿಗೂ ಸಾಲದು. ಮೈಸೂರಿನ ಬೀಡಿ, ಸಿಗರೇಟು ವಿರೋಧಿ ಭಾಷಣಗಳಲ್ಲೂ ಇದಕ್ಕೆ ಉತ್ತರವಿಲ್ಲ, ಸ್ಟ್ರಾಟಜಿಯ ಪುಸ್ತಕದಲ್ಲೂ ಇಲ್ಲ.

ಹಾಗಾದರೆ ಹತ್ತನೆಯದೊಂದು ವಿಷಯ ಸೇರಿಸಬೇಕೇ? ಬೇಡ. ಸೇರಿಸಿದರೆ ಅದೂ ಪರೀಕ್ಷೆಗೆ ಓದಿ ಮರೆಯುವ ಪತ್ರಿಕೆಯಾಗುತ್ತದೆ. ಇರುವ ವಿಷಯಗಳೊಳಗೇ ಉದಾಹರಣೆ ಬದಲಿಸಿದರೆ ಸಾಕು, ಹಾರ್ವರ್ಡ್‌ನಿಂದ ನಾವು ಕಲಿತ ಕೇಸ್ ವಿಧಾನಕ್ಕೆ ಅದು ಒಗ್ಗುತ್ತದೆ ಕೂಡ. ಅಕೌಂಟಿಂಗ್‌ನಲ್ಲಿ ಒಂದು ಬ್ಯಾರನ್ನಿನ ವೆಚ್ಚವನ್ನು ಮೂರು ರೀತಿಯಲ್ಲಿ ಬರೆಸಬಹುದು. ಮಾರ್ಕೆಟಿಂಗ್‌ನಲ್ಲಿ ವೆಲ್ಡ್‌ನ ಹಳೆಯ ಪ್ರಶ್ನೆಯನ್ನು ಕೆ.ಆರ್. ನಗರದ ಭತ್ತಕ್ಕೆ ಕೇಳಬಹುದು: ಕಾವೇರಿ ನಾಲೆಯ ಗದ್ದೆಯಿಂದ ಅಕ್ಕಿ ಗಿರಣಿ ದಾಟಿ ಮೈಸೂರಿನ ಅಂಗಡಿ ಸೇರುವಷ್ಟರಲ್ಲಿ ಕಿಲೋಗೆ ಎಷ್ಟು ಸೇರಿತು, ಯಾವ ಕೆಲಸಕ್ಕೆ ಸೇರಿತು? ಸಂಖ್ಯಾಶಾಸ್ತ್ರದ ಮೇಷ್ಟರಿಗಂತೂ ಕೊರತೆಯೇ ಇಲ್ಲ. ತಂಬಾಕು ಮಂಡಳಿ ಹರಾಜಿನ ಅಂಕಿಅಂಶಗಳನ್ನು ಮಾರುಕಟ್ಟೆವಾರು ಪ್ರಕಟಿಸುತ್ತದೆ. ಸೀಸನ್ನಿನ ಆರಂಭಕ್ಕೂ ಕೊನೆಗೂ ಬೆಲೆ ಹೇಗೆ ಬದಲಾಯಿತು, ಚಿಲ್ಕುಂದಕ್ಕೂ ಕಂಪಲಾಪುರಕ್ಕೂ ಒಂದೇ ದಿನ ಸರಾಸರಿಯಲ್ಲಿ ಅಂತರ ಬಿದ್ದರೆ ಅದು ಸೊಪ್ಪಿನ ಗುಣದಿಂದಲೋ ಖರೀದಿದಾರರ ಸಂಖ್ಯೆಯಿಂದಲೋ ಎಂದು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಒಂದು ತರಗತಿ ಒಂದು ಸೆಮಿಸ್ಟರಿನಲ್ಲಿ ಲೆಕ್ಕ ಹಾಕಬಹುದು. ಹಾಕಿದ ಲೆಕ್ಕವನ್ನು ಕನ್ನಡದಲ್ಲಿ ಬರೆದು ಮುಂದಿನ ಸೆಪ್ಟೆಂಬರಿಗೆ ಮೊದಲು ಕಟ್ಟೆಮಳಲವಾಡಿಗೆ ಕಳಿಸಿದರೆ ಅದನ್ನು ಓದುವವರು ಅಲ್ಲಿದ್ದಾರೆ.