ವಿಮಾನದ ಹೊತ್ತು, ಮನೆಯ ಹೊತ್ತು

“ದಿಲ್ಲಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಮೂರು ಗಂಟೆಯೂ ಹಿಡಿಯದು” ಎಂಬ ಮಾತನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಈಗ ಎಲ್ಲರೂ ಆಡುವರು. ಮಾತು ಸುಳ್ಳಲ್ಲ. ಆದರೆ ಅದನ್ನೇ ನಂಬಿ ಮರುಗಿದ ಮನೆಯೊಂದನ್ನು ನಾವು ಬಲ್ಲೆವು.

ತುರುವೇಕೆರೆಯ ಬಳಿಯ ನಮ್ಮ ನೆಂಟರೊಬ್ಬರಿಗೆ ಒಂದು ಸಂಜೆ ದೇಹಾಲಸ್ಯವು ಹೆಚ್ಚಿತು. ದಿಲ್ಲಿಯಲ್ಲಿದ್ದ ಮಗನಿಗೆ ಆಗಲೇ ತಿಳಿಸಬೇಕೆಂದು ಮನೆಯಾಕೆ ಹೇಳಿದರು. “ವಿಮಾನವಿದ್ದೇ ಇದೆ, ರಾತ್ರಿಯಲ್ಲಿ ಹುಡುಗನನ್ನೇಕೆ ಗಾಬರಿಪಡಿಸುವುದು?” ಎಂದು ಹಿರಿಯರು ತಡೆದರು. ಬೆಳಗ್ಗೆ ಆರಕ್ಕೆ ಸುದ್ದಿ ಮುಟ್ಟಿತು. ಹತ್ತು ಗಂಟೆಯಿಂದಲೇ ತಾಯಿಯ ಕಣ್ಣು ಬೀದಿಯ ಮೇಲೆ. ತಂದೆಯು ಕಣ್ಣು ಮುಚ್ಚಿದುದು ಮೂರಕ್ಕೆ; ಮಗನು ಬಾಗಿಲಿಗೆ ಬಂದುದು ನಾಲ್ಕಕ್ಕೆ. “ಮೂರು ಗಂಟೆಯ ದಾರಿಗೆ ಇಷ್ಟು ಹೊತ್ತೇ?” ಎಂದು ಬಂಧುಗಳು ಆಡಿಕೊಂಡರು.

ಮಗನದೇನು ತಪ್ಪು? ಲೆಕ್ಕವನ್ನು ನೋಡೋಣ. ದಿಲ್ಲಿಯು ಬೆಂಗಳೂರಿಗೆ ಹೆಚ್ಚುಕಡಮೆ ನೇರ ಉತ್ತರಕ್ಕಿರುವುದು. ಎರಡು ನಿಲ್ದಾಣಗಳ ನಡುವಣ ನೇರ ದೂರ ಸುಮಾರು 1,700 ಕಿಲೋಮೀಟರು. ಗಂಟೆಗೆ 800 ಕಿಲೋಮೀಟರಿನ ವೇಗಕ್ಕೆ ಎರಡು ಗಂಟೆ ಸಾಕೆನಿಸುವುದು. ಆದರೆ ನೆಲದ ಮೇಲೆ ಓಡುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು, ಇವೆಲ್ಲ ಕೂಡಿ ವೇಳಾಪಟ್ಟಿಯಲ್ಲಿ ಎರಡೂಮುಕ್ಕಾಲು ಗಂಟೆಯಾಗುವುದು. ಅದಕ್ಕೆ ಮೊದಲು ಮನೆಯಿಂದ ನಿಲ್ದಾಣಕ್ಕೆ ಒಂದು ಗಂಟೆ, ಅಲ್ಲಿ ತಪಾಸಣೆಗೆಂದು ಎರಡು ಗಂಟೆ. 2008ರ ಮೇ ತಿಂಗಳಿಂದ ಬೆಂಗಳೂರಿನ ವಿಮಾನಗಳು ಇಳಿಯುವುದು ದೇವನಹಳ್ಳಿಯಲ್ಲಿ. ಅದು ತಿಪಟೂರಿಗೆ ನೇರ ಪೂರ್ವಕ್ಕಿದ್ದರೂ ರಸ್ತೆಯಲ್ಲಿ ಮೂರು ಗಂಟೆಗೆ ಕಡಮೆಯಿಲ್ಲ. ಪೆಟ್ಟಿಗೆ ಬಿಡಿಸಿಕೊಳ್ಳುವ ಅರ್ಧ ಗಂಟೆಯನ್ನೂ ಸೇರಿಸಿದರೆ ಒಂಬತ್ತು ಗಂಟೆ ಮೀರುವುದು. ಅದೂ ವಿಮಾನದಲ್ಲಿ ಒಡನೆಯೇ ಸ್ಥಳ ದೊರೆತರೆ!

ನೇರ ದೂರವೆಂದರೇನೆಂದು ಮಕ್ಕಳು ಕೇಳಿದರೆ, ಸುಲಿದ ತೆಂಗಿನಕಾಯಿಯೊಂದರ ಮೇಲೆ ಎರಡು ಗುರುತು ಮಾಡಿ ದಾರವನ್ನು ಬಿಗಿಯಾಗಿ ಹಿಡಿದು ತೋರಿಸಬಹುದು. ದಾರ ಹಿಡಿದ ಹಾದಿಯೇ ಅತಿ ಹತ್ತಿರದ್ದು. ಭೂಮಿಯೂ ಹಾಗೆಯೇ ಉರುಟಾದುದರಿಂದ, 2021ರ ಜನವರಿಯಲ್ಲಿ ಸ್ತ್ರೀಯರೇ ನಡೆಸಿದ ಏರ್ ಇಂಡಿಯಾ ವಿಮಾನವು ಸಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದ, ನಡುವೆ ಎಲ್ಲಿಯೂ ಇಳಿಯದೆ, ಸುಮಾರು 14,000 ಕಿಲೋಮೀಟರು ಹಾರಿ ಬಂದಿತು. ಅದಕ್ಕೆ ಹಿಡಿದುದು ಸುಮಾರು ಹದಿನೇಳು ಗಂಟೆ. ದಾರವನ್ನು ಹಿಡಿದಷ್ಟು ನೇರವಾಗಿ ಹಾರಲು ಗಾಳಿ, ಮೋಡ, ನಿಯಮಿತ ಮಾರ್ಗಗಳು ಎಲ್ಲ ವೇಳೆಯಲ್ಲಿಯೂ ಬಿಡವು.

ಆದುದರಿಂದ ದೂರದಲ್ಲಿ ಮಕ್ಕಳಿರುವ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟು: ವಿಮಾನದ ಹೊತ್ತನ್ನು ಮನೆಯ ಹೊತ್ತೆಂದು ಎಣಿಸಬೇಡಿರಿ. ತಿಳಿಸಬೇಕಾದುದನ್ನು ಸಂಜೆಯೇ ತಿಳಿಸಿರಿ. ಗಾಬರಿಯು ಒಂದು ರಾತ್ರಿಯದು. ಕಾಣದೆ ಹೋದ ಮುಖದ ಕೊರಗು ಬಾಳಿನುದ್ದದ್ದು.