ಹಿತ್ತಲಲ್ಲೇ ಕೋಳಿ ಮರಿ ಮಾಡಿಸೋಣ

ಮಾಕಳಿ ಕಡೆ ಹಿತ್ತಲಿದ್ದೋರೇ, ನಾಟಿ ಕೋಳಿ ಕಾವಿಗೆ ಕೂತಿದ್ಯಾ? ಬುಟ್ಟಿಗೆ ಒಣಹುಲ್ಲು ಹಾಸಿ ಹತ್ತು-ಹನ್ನೆರಡು ಮೊಟ್ಟೆ ಇಡಿ. ಹುಂಜದ ಜೊತೆಗಿದ್ದ ಹೇಟೆಯ, ವಾರದೊಳಗಿನ ಮೊಟ್ಟೆಯೇ ಆಗಿರಲಿ, ತೊಳೀಬೇಡಿ.

ಏಳನೇ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಕೆಂಪು ನರ ಕವಲೊಡೆದಿದ್ರೆ ಒಳಗೆ ಜೀವ ಇದೆ. ಬರೀ ಹಳದಿ ಬೆಳಕು ಕಂಡ್ರೆ ತೆಗೆದುಬಿಡಿ.

21ನೇ ದಿನದ ಹೊತ್ತಿಗೆ ಮರಿ ಚಿಪ್ಪು ಕುಕ್ಕುತ್ತೆ. ನೀವು ಒಡೆಯೋಕೆ ಹೋಗಬೇಡಿ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ರೂಪಿಸಿದ ಗಿರಿರಾಜದಂಥ ಮರಿ ತಂದ್ರಾ? ತಾಯಿ ಬದಲು ಬಲ್ಬು. ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ 3 ಇಳಿಸಿ. ಬಲ್ಬಿನಡಿ ಗುಂಪುಗೂಡಿದ್ರೆ ಚಳಿ. ದೂರ ನಿಂತು ಬಾಯಿ ತೆರೆದ್ರೆ ಸೆಕೆ.

ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆ ಹನಿ ಹಾಕಿಸಿ. ಗೂಡಿಗೆ ಜಾಲರಿ ಬಿಗೀರಿ, ಬೆಕ್ಕು ಕಾಯ್ತಿರುತ್ತೆ!