ನಿಮಗಿದು ಗೊತ್ತೇ? ಆಸ್ಪತ್ರೆ ಬಾಕಿ ಮತ್ತು ಮನೆಸಾಲ

ಅಮೆರಿಕದಲ್ಲಿ ಮನೆ ಕೊಳ್ಳಲು ಹೊರಟವರನ್ನು ಹಳೆಯ ಆಸ್ಪತ್ರೆ ಬಿಲ್ಲೊಂದು ಅಡ್ಡಗಟ್ಟುವುದುಂಟು. ಅಲ್ಲಿ ನೆಲೆಸಿರುವ ಕನ್ನಡಿಗರೂ ಅವರನ್ನು ನೋಡಲು ಹೋಗುವ ಅಪ್ಪ-ಅಮ್ಮಂದಿರೂ ತಿಳಿದಿರಬೇಕಾದ ಸಂಗತಿಗಳಿವು. ಕಾಯಿಲೆ ಬೀಳುವುದು ಯಾರ ತಪ್ಪೂ ಅಲ್ಲ. ಆದರೆ ಬಿಲ್ ನೋಡಿ ಗಾಬರಿಯಾಗಿ ಏನೋ ಮಾಡಿಬಿಟ್ಟರೆ ಮನೆಸಾಲಕ್ಕೆ ಪೆಟ್ಟು ಬೀಳುತ್ತದೆ.

• ಬಿಲ್ ಕಟ್ಟುವುದು ತಡವಾದ ಕೂಡಲೇ ಅದು ಕ್ರೆಡಿಟ್ ವರದಿಗೆ ಸೇರುವುದಿಲ್ಲ. ಸಾಮಾನ್ಯವಾಗಿ ಬಾಕಿಯು ವಸೂಲಿ ಏಜೆನ್ಸಿಯ ಕೈಗೆ ಹೋದ ಮೇಲಷ್ಟೇ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ.

• ಅದಕ್ಕೂ ಒಂದು ವರ್ಷದ ಕಾಲಾವಕಾಶವಿದೆ. ಮೊದಲು ಇದು ಆರೇ ತಿಂಗಳಿತ್ತು. 2022ರ ಜುಲೈನಲ್ಲಿ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಈ ಮೂರೂ ಕ್ರೆಡಿಟ್ ವರದಿ ಸಂಸ್ಥೆಗಳು ಅವಧಿಯನ್ನು ಹೆಚ್ಚಿಸಿದವು. ತೀರಿಸಿದ ವೈದ್ಯಕೀಯ ಬಾಕಿಯನ್ನು ವರದಿಯಿಂದ ಪೂರ್ತಿ ಅಳಿಸುವ ಪದ್ಧತಿಯೂ ಆಗಲೇ ಬಂತು.

• 500 ಡಾಲರ್‌ಗಿಂತ ಕಡಿಮೆಯ ವೈದ್ಯಕೀಯ ಬಾಕಿಗಳನ್ನು 2023ರ ಏಪ್ರಿಲ್‌ನಿಂದ ವರದಿಗಳಲ್ಲಿ ಕೈಬಿಡಲಾಗಿದೆ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಮೂಲ ಮೊತ್ತ. 800 ಡಾಲರ್ ಬಾಕಿಯಲ್ಲಿ 400 ಕಟ್ಟಿದರೆ ದಾಖಲೆ ಅಳಿಯದು, ಪೂರ್ತಿ ಕಟ್ಟಿದರೆ ಅಳಿಯುತ್ತದೆ.

• ವೈದ್ಯಕೀಯ ಸಾಲವನ್ನು ಕ್ರೆಡಿಟ್ ವರದಿಗಳಿಂದ ಸಂಪೂರ್ಣವಾಗಿ ತೆಗೆಯುವ ನಿಯಮವನ್ನು ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ 2025ರ ಜನವರಿಯಲ್ಲಿ ಹೊರಡಿಸಿತ್ತು. ಅದೇ ವರ್ಷದ ಜುಲೈನಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ಅದನ್ನು ರದ್ದುಮಾಡಿತು. ನ್ಯೂಯಾರ್ಕ್, ಕೊಲರಾಡೊ, ಕ್ಯಾಲಿಫೋರ್ನಿಯಾಗಳು ಇದಕ್ಕಾಗಿ ತಮ್ಮದೇ ಕಾನೂನು ಮಾಡಿಕೊಂಡಿವೆ.

• ಸರ್ಕಾರಿ ಖಾತರಿಯ ಎಫ್‌ಎಚ್‌ಎ ಮನೆಸಾಲದಲ್ಲಿ, ವಸೂಲಿಗೆ ಹೋದ ಬಾಕಿಗಳ ಒಟ್ಟು ಮೊತ್ತ 2,000 ಡಾಲರ್ ಮುಟ್ಟಿದರೆ ಬ್ಯಾಂಕು ಅದರ ಶೇ. 5ರಷ್ಟನ್ನು ತಿಂಗಳ ಕಂತೆಂದು ಲೆಕ್ಕ ಹಿಡಿಯುವುದುಂಟು. ವೈದ್ಯಕೀಯ ಬಾಕಿಗೆ ಈ ನಿಯಮದಿಂದ ವಿನಾಯಿತಿ ಇದೆ!

• ಆದರೆ ವಿಷಯ ಕೋರ್ಟ್ ಮೆಟ್ಟಿಲೇರಿ, ಹಣ ಕಟ್ಟಬೇಕೆಂಬ ತೀರ್ಪು ಬಂದರೆ ಈ ರಿಯಾಯಿತಿ ನಿಲ್ಲದು. ತೀರ್ಪಿನ ಮೊತ್ತ ತೀರಿಸದೆ ಅಥವಾ ಕಂತಿನ ಒಪ್ಪಂದ ಮಾಡಿಕೊಂಡು ಕಟ್ಟುತ್ತಿರುವುದನ್ನು ತೋರಿಸದೆ ಸಾಲ ಸಿಗುವುದು ಕಷ್ಟ. ಕೋರ್ಟಿನಿಂದ ಬಂದ ಪತ್ರವನ್ನು ಒಡೆಯದೆ ಮೂಲೆಗಿಡಬೇಡಿ.

• ಎಲ್ಲಕ್ಕಿಂತ ದೊಡ್ಡ ಎಡವಟ್ಟು ಯಾವುದು? ಆಸ್ಪತ್ರೆ ಬಿಲ್ಲನ್ನು ಕ್ರೆಡಿಟ್ ಕಾರ್ಡಿನಲ್ಲಿ ಉಜ್ಜಿ ತೀರಿಸುವುದು. ಆ ಕ್ಷಣವೇ ಅದು ಮಾಮೂಲಿ ಕಾರ್ಡ್ ಸಾಲವಾಗುತ್ತದೆ. ಒಂದು ವರ್ಷದ ಅವಕಾಶವೂ 500 ಡಾಲರ್ ರಿಯಾಯಿತಿಯೂ ಹೋಗಿ ಬಡ್ಡಿ ಬೆಳೆಯುತ್ತದೆ.

• ನಮ್ಮಲ್ಲೂ ಇದೇ ಪಾಠ. ಭಾರತದ ಆಸ್ಪತ್ರೆಗಳು ಬಾಕಿಯ ವಿವರವನ್ನು ಸಿಬಿಲ್‌ಗೆ ಕಳಿಸುವುದಿಲ್ಲ. ಆದರೆ ಚಿಕಿತ್ಸೆಗೆಂದು ತೆಗೆದ ಪರ್ಸನಲ್ ಲೋನಿನ ಇಎಂಐ ತಪ್ಪಿದರೆ ಅದು ದಾಖಲಾಗುತ್ತದೆ. ಸಾಲಕೊಟ್ಟವರು ಒಂದಷ್ಟು ಮೊತ್ತ ಬಿಟ್ಟುಕೊಟ್ಟು ಚುಕ್ತಾ ಮಾಡಿಕೊಂಡರೆ ವರದಿಯಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ಬೀಳುತ್ತದೆ. ಮನೆಸಾಲ ಕೊಡುವ ಬ್ಯಾಂಕಿನ ಕಣ್ಣು ಮೊದಲು ಹೋಗುವುದೇ ಅಂಥ ನಮೂದಿನ ಮೇಲೆ.

• ಅಮೆರಿಕದ ಲಾಭರಹಿತ ಆಸ್ಪತ್ರೆಗಳು ತೆರಿಗೆ ವಿನಾಯಿತಿ ಉಳಿಸಿಕೊಳ್ಳಬೇಕಾದರೆ ಬಡ ರೋಗಿಗಳಿಗೆ ನೆರವಿನ ಲಿಖಿತ ನೀತಿ ಇಟ್ಟುಕೊಂಡಿರಲೇಬೇಕು. ಡಿಸ್ಚಾರ್ಜ್ ಆದ ಮೇಲಿನ ಮೊದಲ ಬಿಲ್ ಬಂದ ದಿನದಿಂದ 240 ದಿನಗಳವರೆಗೆ ಅರ್ಜಿ ಹಾಕಬಹುದು. ಕೇಳಿದವರಿಗೆ ಬಿಲ್ ಅರ್ಧವಾಗುವುದುಂಟು, ಪೂರ್ತಿ ಮನ್ನಾ ಆಗುವುದೂ ಉಂಟು. ಕೇಳಲು ಸಂಕೋಚ ಬೇಡ, ಇದು ಕಾನೂನು ಕೊಟ್ಟ ಅವಕಾಶ.

• ಊರಿನಿಂದ ಬಂದ ಅಪ್ಪನಿಗೆ ಎದೆನೋವು ಕಾಣಿಸಿ ತುರ್ತು ವಿಭಾಗಕ್ಕೆ ಓಡಿದಿರಿ ಎನ್ನಿ. ಕೌಂಟರಿನಲ್ಲಿ ಕೊಡುವ ಕಾಗದಗಳ ನಡುವೆ ‘ಬಿಲ್ಲಿನ ಹೊಣೆ ನನ್ನದು’ ಎಂಬ ಪತ್ರವೂ ಇರಬಹುದು. ಅದಕ್ಕೆ ಮಗ ಸಹಿ ಹಾಕಿದರೆ ಅಪ್ಪನ ಬಾಕಿ ಮಗನ ಹೆಗಲಿಗೆ ಬೀಳುತ್ತದೆ. ಓದಿ ಸಹಿ ಮಾಡಿ. 1986ರ ಕಾನೂನಿನ ಪ್ರಕಾರ ಹಣದ ಮಾತಿಗಾಗಿ ತುರ್ತು ತಪಾಸಣೆ, ಚಿಕಿತ್ಸೆಯನ್ನು ತಡಮಾಡುವಂತಿಲ್ಲ. ಅಪ್ಪ-ಅಮ್ಮ ವಿಮಾನ ಹತ್ತುವ ಮೊದಲೇ ಪ್ರವಾಸಿ ಆರೋಗ್ಯ ವಿಮೆ ಮಾಡಿಸಿಬಿಡಿ.

• ಅಮೆರಿಕದಲ್ಲಿ ಮೂರೂ ಸಂಸ್ಥೆಗಳ ಕ್ರೆಡಿಟ್ ವರದಿ ಆನ್‌ಲೈನ್‌ನಲ್ಲಿ ವಾರಕ್ಕೊಮ್ಮೆ ಉಚಿತ. ವಿಮಾ ಕಂಪನಿ ಹಣ ಕಟ್ಟಿದ ಮೇಲೂ ಬಾಕಿ ಹಾಗೇ ಉಳಿದಿದ್ದರೆ ತಕರಾರು ಸಲ್ಲಿಸಿ. ಸಾಮಾನ್ಯವಾಗಿ 30 ದಿನಗಳೊಳಗೆ ಕ್ರೆಡಿಟ್ ವರದಿ ಸಂಸ್ಥೆ ಅದನ್ನು ಪರಿಶೀಲಿಸಲೇಬೇಕು. ಮನೆ ನೋಡಲು ಹೊರಡುವ ಕೆಲವು ತಿಂಗಳ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ. ಅರ್ಜಿ ಹಾಕಿದ ಮೇಲೆ ತಪ್ಪು ಕಣ್ಣಿಗೆ ಬಿದ್ದರೆ, ಅದು ಸರಿಹೋಗುವಷ್ಟರಲ್ಲಿ ಮೆಚ್ಚಿದ ಮನೆ ಬೇರೆಯವರ ಪಾಲಾಗಿರಬಹುದು.